ದಿಬ್ಬದ ನೀರು ಕುಡಿದ ಇಂಜಿನ್

ನಮ್ಮ ಲಾರಿ ಮನೆಗೆ ಬರುವುದು ನನಗೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಆಂಡರ್ಸನ್‌ಪೇಟೆಯ ತಿರುವಿನಲ್ಲಿ ಗೇರು ಇಳಿಸಿದಾಗ ಅದರ ಇಂಜಿನ್ ಒಂದು ಸಲ ಕೆಮ್ಮಿ, ಆಮೇಲೆ ಗೊಣಗುತ್ತಾ ಏರು ಹತ್ತುತ್ತಿತ್ತು. ಆ ಕೆಮ್ಮು ಕೇಳಿದ ಮೇಲೆಯೇ ನಾನು ಎಸರಿಗೆ ರಾಗಿ ಹಿಟ್ಟು ಬಿಡುತ್ತಿದ್ದುದು. ಹಿಟ್ಟು ಬೆಂದು, ಕೋಲಿನಲ್ಲಿ ತಿರುವಿ, ಮುದ್ದೆ ಕಟ್ಟುವಷ್ಟರಲ್ಲಿ ಮೈದುನ ಚಕ್ರಕ್ಕೆ ಕಲ್ಲು ಕೊಟ್ಟು, ಕೈಕಾಲು ತೊಳೆದು, ಒಳಗೆ ಬಂದು ಗೋಡೆಗೆ ಒರಗಿ ಕೂತಿರುತ್ತಿದ್ದ. ಬಿಸಿ ಮುದ್ದೆ ಅಂದರೆ ಅವನಿಗೆ ಪ್ರಾಣ. ಆರಿದ ಮುದ್ದೆಯನ್ನು ಬೇಡ ಅನ್ನುತ್ತಿರಲಿಲ್ಲ, ಆದರೆ ನುಂಗುವಾಗ ಮುಖ ಸಣ್ಣದಾಗುತ್ತಿತ್ತು.

ಲಾರಿ ನಮ್ಮ ಮನೆಯವರ ಹೆಸರಿನಲ್ಲಿತ್ತು. ಅವರಿಗೆ ಕಾರ್ಖಾನೆಯಲ್ಲಿ ಕೆಲಸ, ಶಿಫ್ಟು. ಓಡಿಸುತ್ತಿದ್ದವನು ಅವರ ತಮ್ಮ. ಕಾಮಸಮುದ್ರದ ಕಡೆಯ ಹಳ್ಳಿಗಳಿಂದ ಟೊಮೇಟೊ, ಬಂಗಾರಪೇಟೆಯಿಂದ ಇಟ್ಟಿಗೆ, ಜಲ್ಲಿ, ಅಕ್ಕಿ ಮೂಟೆ, ಹೀಗೆ ಸಿಕ್ಕಿದ ಬಾಡಿಗೆ. ಮಾವನವರು ಹೋದಾಗ ಈ ತಮ್ಮ ಇನ್ನೂ ಚಡ್ಡಿ ಹಾಕುವ ಹುಡುಗ. ಸಾಕಿದ್ದು, ಓದಿಸಲು ನೋಡಿದ್ದು, ಓದು ಹತ್ತಲಿಲ್ಲ ಅಂದಾಗ ಸ್ಟೇರಿಂಗ್ ಹಿಡಿಸಿದ್ದು ಎಲ್ಲ ಇವರೇ. ಅದನ್ನು ಇವರು ಒಂದು ದಿನವೂ ಮರೆತವರಲ್ಲ, ಅವನಿಗೆ ಮರೆಯಲು ಬಿಟ್ಟವರೂ ಅಲ್ಲ. ಅವನಿಗೆ ಮದುವೆಯಾಗಿ ಓರಗಿತ್ತಿ ಬಂದ ಮೇಲೂ ಒಂದೇ ಮನೆ, ಒಂದೇ ಒಲೆ.

ಇನ್ನು ನೀರಿನ ವಿಷಯ. ನಮ್ಮ ಕಡೆ ನಲ್ಲಿಯನ್ನು ನಂಬಿ ಯಾರೂ ಸಾರಿಗೆ ಬೇಳೆ ಹಾಕುವುದಿಲ್ಲ. ಟ್ಯಾಂಕರ್ ಬಂದಾಗ ನೀಲಿ ಡ್ರಮ್ಮು ತುಂಬಿಸಿಕೊಳ್ಳಬೇಕು. ಆ ಡ್ರಮ್ಮಿಗೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ರುಬ್ಬುಗುಂಡು ಇಟ್ಟು ನಾನು ಕಾಯುತ್ತಿದ್ದೆ. ಮೈದುನ ಬೆಳಿಗ್ಗೆ ರೇಡಿಯೇಟರ್‌ಗೆ ಹಾಕಲು ತನ್ನ ಹಳದಿ ಕ್ಯಾನು ಹಿಡಿದು ಬಂದರೆ ಅದರಿಂದಲೇ ಮೊಗೆದು ಕೊಡುತ್ತಿದ್ದೆ. ಒಂದು ದಿನ ಇವರು ಅದನ್ನು ನೋಡಿದರು.

"ಮನೆ ನೀರು ಲಾರಿಗೆ ಯಾಕ್ಲಾ? ದಿಬ್ಬದ ಬುಡದಾಗೆ ಬೇಕಾದಷ್ಟು ನಿಂತೈತೆ, ಅದನ್ನ ತುಂಬ್ಕೋ" ಅಂದರು.

ದಿಬ್ಬ ಅಂದರೆ ಚಿನ್ನ ತೆಗೆದುಕೊಂಡ ಮೇಲೆ ಗಣಿಯವರು ಸುರಿದು ಬಿಟ್ಟುಹೋದ ಮಣ್ಣಿನ ಗುಡ್ಡ. ಸೈನೈಡ್ ದಿಬ್ಬ ಅನ್ನುತ್ತಾರೆ. ಗಾಳಿ ಎದ್ದರೆ ಅದರ ಪುಡಿ ನಮ್ಮ ಒಗೆದ ಬಟ್ಟೆಯ ಮೇಲೆ ಕೂರುತ್ತದೆ. ಮಳೆ ಬಂದರೆ ಬುಡದಲ್ಲಿ ನೀರು ನಿಲ್ಲುತ್ತದೆ, ತಿಳಿಯಾಗಿ, ಒಂದು ಥರ ಹಸಿರು ನೆರಳಿಟ್ಟುಕೊಂಡು. ಅದರಲ್ಲಿ ಕಪ್ಪೆ ಇಲ್ಲ, ಸೊಳ್ಳೆಯ ಹುಳ ಇಲ್ಲ. ದನ ಕಾಯುವವರು ಆ ಕಡೆ ತಲೆ ಹಾಕಿದ ಹಸುವನ್ನು ಕಲ್ಲು ಹೊಡೆದು ತಿರುಗಿಸುತ್ತಾರೆ. ಬಾಗಿಲು ಸಾರಿಸಲು ಸಹ ನಾವು ಆ ನೀರು ತರುವವರಲ್ಲ.

"ದನಾನೂ ಮೂಸಾಕಿಲ್ಲ ಅಣ್ಣ ಅದನ್ನ" ಅಂದ ಮೈದುನ.

"ದನ ಕುಡುದ್ರೆ ಸಾಯ್ತದೆ. ಇಂಜಿನ್ ಏನು ಹೊಟ್ಟೆ ಕೆಟ್ಟು ಸಾಯ್ತದಾ? ಅದರಾಗೆ ಪಾಚಿ ಕಟ್ಟಿದ್ದು ನೋಡಿದ್ಯಾ ಎಂದಾದ್ರೂ? ಪಾಚಿ ಕಟ್ಟದಿರೋ ನೀರು ಅಂದ್ರೆ ರೇಡಿಯೇಟರ್‌ಗೆ ಅದಕ್ಕಿಂತ ಒಳ್ಳೇದು ಎಲ್ಲೈತ್ಲಾ?"

ಕೇಳಿದರೆ ಸರಿ ಅನ್ನಿಸುವಂಥ ಮಾತೇ ಅದು. ಅವತ್ತಿನಿಂದ ಹಳದಿ ಕ್ಯಾನು ದಿಬ್ಬದ ಬುಡಕ್ಕೆ ಹೋಯಿತು. ಇವರಿಗೆ ತಮ್ಮ ಈ ಯೋಚನೆಯ ಮೇಲೆ ಎಷ್ಟು ಹೆಮ್ಮೆ ಅಂದರೆ, ಮನೆಗೆ ಬಂದ ಕಾರ್ಖಾನೆಯ ಸ್ನೇಹಿತರನ್ನು ಹೊರಗೆ ಕರೆದುಕೊಂಡು ಹೋಗಿ, ರೇಡಿಯೇಟರ್‌ನ ಮುಚ್ಚಳ ತೆಗೆಸಿ, "ನೋಡ್ರಿ, ಒಂದು ಚೂರು ಪಾಚಿ ಐತಾ?" ಎಂದು ತೋರಿಸುತ್ತಿದ್ದರು. ಅವರು ಬಗ್ಗಿ ನೋಡಿ ತಲೆಯಾಡಿಸುತ್ತಿದ್ದರು. ನಾನು ಟೀ ಲೋಟಗಳನ್ನು ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದೆ.

ಹೀಗೆ ಕೆಲವು ವರ್ಷ ಓಡಿತು.

ಅವರೆಕಾಯಿ ಬರುವ ಕಾಲ. ಓರಗಿತ್ತಿಯೂ ನಾನೂ ಅಂಗಳದಲ್ಲಿ ಕೂತು ನೆನೆಸಿದ ಕಾಳು ಹಿಸುಕುತ್ತಿದ್ದೆವು. ಅವಳಿಗೆ ಗಂಡನ ಫೋನು ಬಂತು. ಕಾಮಸಮುದ್ರದಿಂದ ಟೊಮೇಟೊ ತುಂಬಿಕೊಂಡು ಬಂಗಾರಪೇಟೆಯ ಹತ್ತಿರ ಬಂದಿದ್ದ ಲಾರಿ ಬಿಳಿ ಹೊಗೆ ಬಿಟ್ಟು, ಒಳಗೆ ಯಾರೋ ಸುತ್ತಿಗೆಯಲ್ಲಿ ಹೊಡೆದ ಹಾಗೆ ಬಡಿದುಕೊಂಡು, ನಿಂತೇಹೋಯಿತಂತೆ. ಮೈದುನ ಟೊಮೇಟೊವನ್ನು ಬೇರೆ ಗಾಡಿಗೆ ಹಾಕಿಸಿ ಕಳಿಸಿ, ಲಾರಿಯನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಬಂಗಾರಪೇಟೆಯ ಮೇಸ್ತ್ರಿಯ ಶೆಡ್ಡಿಗೆ ಬಿಟ್ಟು, ಸಂಜೆಯ ಹೊತ್ತಿಗೆ ರೈಲಿನಲ್ಲಿ ಮನೆಗೆ ಬಂದ. ಇವರು ಶಿಫ್ಟು ಮುಗಿಸಿ ಬಂದು ಅವನಿಗಾಗಿಯೇ ಕಾದು ಕೂತಿದ್ದರು.

"ಆಯಿಲ್ ನೋಡಿದ್ದಾ?"

"ಬೆಳಿಗ್ಗೆನೇ ನೋಡಿದ್ದೆ ಅಣ್ಣ. ಅಳತೆ ಕಡ್ಡಿ ಎತ್ತಿ ನೋಡ್ದೆ. ಗುರ್ತಿಗಿಂತ ಒಂದು ಚೂರು ಜಾಸ್ತೀನೇ ಇತ್ತು."

"ಜಾಸ್ತಿ ಇತ್ತಾ?" ಇವರು ನನ್ನ ಕಡೆ ತಿರುಗಿ ನಕ್ಕರು. "ಕೇಳಿದ್ಯಾ? ಆಯಿಲ್ ಮರಿ ಆಕಿತ್ತಂತೆ ಒಳಗೆ! ಯಾರಿಗೆ ಏಳ್ತೀಯ್ಲಾ ಕತೇನ?"

"ಬಣ್ಣ ಸ್ವಲ್ಪ ಬೆಳ್ಳಗಿತ್ತು. ಮಂಜು ಬಿದ್ದಿರ್ತದೆ ಅನ್ಕೊಂಡೆ."

"ಆಯಿಲ್ ಖಾಲಿ ಮಾಡ್ಕೊಂಡು ಓಡ್ಸಿ ಇಂಜಿನ್ ಸುಟ್ಟಿದ್ದೀಯ. ಈಗ ಮಂಜಿನ ಮ್ಯಾಲೆ ಆಕ್ತೀಯ."

ಆಮೇಲೆ ತಟ್ಟೆ ಹಾಕಿದೆ. ಇಬ್ಬರೂ ಕೂತರು. ಓರಗಿತ್ತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹಿಸುಕಿದ ಬೇಳೆಯ ಸಾರು, ಮನೆಯೆಲ್ಲ ಘಮಘಮ. ಮೈದುನನ ತಟ್ಟೆಗೆ ಮುದ್ದೆ ಇಟ್ಟು ಸೌಟು ಎತ್ತುವಾಗ ಇವರು ಸಾರಿನ ಪಾತ್ರೆಯ ಮೇಲೆ ಅಂಗೈ ಇಟ್ಟರು. ಬಿಸಿ ಪಾತ್ರೆ, ಆದರೂ ಕೈ ತೆಗೆಯಲಿಲ್ಲ.

"ಆಯಿಲ್ ಇಲ್ದೆ ಇಂಜಿನ್ ಓಡಿಸಿದೋನು ಸಾರಿಲ್ದೆ ಮುದ್ದೆ ತಿನ್ಲಿ. ಎಂಗೆ ಇಳೀತದೆ ನೋಡಾನ."

ನಾನು "ಬಿಡಿ, ದಣಿದು ಬಂದಿದ್ದಾನೆ" ಅಂದೆ.

"ದಣಿದಿರೋದು ಇಂಜಿನ್. ಇವನಲ್ಲ."

ಮೈದುನ ಮುದ್ದೆ ಮುರಿದು ಉಂಡೆ ಮಾಡಿ ಬಾಯಿಗೆ ಹಾಕಿಕೊಂಡ. ಸಾರಿಲ್ಲದ ಮುದ್ದೆ ಗಂಟಲಿಗೆ ಅಂಟುತ್ತದೆ, ಗೊತ್ತಿರುವವರಿಗೆ ಗೊತ್ತು. ನೀರಿನ ಲೋಟಕ್ಕೆ ಕೈ ಹಾಕಿದ. ಇವರು ಲೋಟವನ್ನು ಈಚೆಗೆ ಎಳೆದುಕೊಂಡರು. ಅವನು ಕುತ್ತಿಗೆ ಮುಂದೆ ಚಾಚಿ, ಕಣ್ಣು ಅಗಲಿಸಿ, ಇಡೀ ಮುದ್ದೆಯನ್ನು ಹಾಗೆಯೇ ನುಂಗಿದ. ಮದುವೆಯಾದ ಗಂಡಸು, ಹೆಂಡತಿಯ ಎದುರಿಗೆ. ಓರಗಿತ್ತಿ ಒಳಗೆ ಹೋಗಿ ಒಲೆಯನ್ನು ಸುಮ್ಮನೆ ಒರೆಸತೊಡಗಿದಳು.

ಊಟವಾದ ಮೇಲೆ ಇವರು ತೀರ್ಪು ಕೊಟ್ಟರು. ಮೇಸ್ತ್ರಿ ಇಂಜಿನ್ ಬಿಚ್ಚಲಿ. ಆಯಿಲ್ ಇಲ್ಲದೆ ಸುಟ್ಟಿದ್ದರೆ ಮೈದುನ ಲಾರಿಯಿಂದ ಇಳಿಯಬೇಕು. ಅವನ ತಪ್ಪಿಲ್ಲ ಅಂತಾದರೆ ಇಂಜಿನ್ ರಿಪೇರಿ ಮಾಡಿಸಿ ಅವನ ಕೈಗೇ ಕೊಡುವುದು. "ನನ್ನ ಮಾತು ಅಂದ್ರೆ ಮಾತು" ಅಂದರು. ಮೈದುನ ಅಷ್ಟಕ್ಕೇ ಸಂತೋಷಪಟ್ಟ. ಅವನಿಗೆ ಆ ಲಾರಿ ಬಿಟ್ಟು ಬೇರೆ ಕೆಲಸ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅದರ ಸೀಟು ಅವನ ಬೆನ್ನಿನ ಆಕಾರಕ್ಕೇ ಕುಸಿದಿತ್ತು.

ಇಂಜಿನ್ ಬಿಚ್ಚುವ ದಿನ ಇವರು ರಜೆ ಹಾಕಿ ಬೈಕಿನಲ್ಲಿ ಬಂಗಾರಪೇಟೆಗೆ ಹೋದರು. ಮೈದುನ ಬೆಳಿಗ್ಗೆಯೇ ಅಲ್ಲಿದ್ದ. ನಾನು ಎಲ್ಲರಿಗೂ ಆಗುವಷ್ಟು ಅಡುಗೆ ಮಾಡಿ ಕ್ಯಾರಿಯರ್‌ಗೆ ತುಂಬಿ, ಮಾರಿಕುಪ್ಪಂನಲ್ಲಿ ರೈಲು ಹತ್ತಿದೆ. ಸಾರು ಚೆಲ್ಲದ ಹಾಗೆ ಕ್ಯಾರಿಯರ್ ತೊಡೆಯ ಮೇಲೇ ಇಟ್ಟುಕೊಂಡಿದ್ದೆ.

ಶೆಡ್ಡಿಗೆ ಹೋದಾಗ ಲಾರಿಯ ಮೂತಿ ತೆಗೆದುಹಾಕಿ ಇಂಜಿನ್ನನ್ನು ಸರಪಳಿಯಲ್ಲಿ ಎತ್ತಿ ಹಲಗೆಯ ಮೇಲೆ ಇಳಿಸಿದ್ದರು. ಇಷ್ಟು ವರ್ಷ ಸದ್ದು ಮಾತ್ರ ಕೇಳಿದ್ದೆ, ಅವತ್ತು ಅದನ್ನು ಪೂರ್ತಿ ಕಂಡೆ. ಮೇಸ್ತ್ರಿ ಕೆ.ಜಿ.ಎಫ್. ಕಡೆಯವರೇ, ತಮಿಳು ಮನೆಮಾತು, ಬಾಯಿ ಜೋರು. ಎಲೆಯಡಿಕೆ ಅಗಿಯುತ್ತಾ ಕೆಲಸಕ್ಕಿಂತ ಬೈಗುಳ ಜಾಸ್ತಿ ಮಾಡುತ್ತಿದ್ದರು. ಪಕ್ಕದ ವೆಲ್ಡಿಂಗ್ ಅಂಗಡಿಯವನು ಕೆಲಸ ಬಿಟ್ಟು ಬಂದು ಬಗ್ಗಿ ನೋಡುತ್ತಿದ್ದ.

ಮೇಸ್ತ್ರಿ ಕೆಳಗಿನ ಆಯಿಲ್ ಚೇಂಬರ್‌ನ ಬೋಲ್ಟು ಬಿಚ್ಚಿದರು. ಬಾಂಡ್ಲಿಗೆ ಕಪ್ಪು ಆಯಿಲ್ ಬೀಳಬೇಕಾಗಿತ್ತು. ಬಿದ್ದದ್ದು ಮಜ್ಜಿಗೆ ಕಲಸಿದ ಟೀ ಥರದ್ದು, ಗಟ್ಟಿಯಾಗಿ, ಬಳಬಳನೆ.

"ಪಾರುಂಗೊ ಅಣ್ಣೇ, ನೋಡಿ ಇಲ್ಲಿ" ಅಂದರು ಮೇಸ್ತ್ರಿ. "ಆಯಿಲ್ ಇಲ್ಲ ಅಂದ್ರಲ್ಲ, ಬಾಂಡ್ಲಿ ತುಂಬಿ ಚೆಲ್ತಾ ಇದೆ. ಆಯಿಲ್‌ಗೆ ನೀರು ಇಳಿದಿದೆ. ಅದಕ್ಕೇ ಕಡ್ಡೀಲಿ ಜಾಸ್ತಿ ತೋರಿಸಿರೋದು. ನಿಮ್ಮ ತಮ್ಮ ಸುಳ್ಳು ಹೇಳಿಲ್ಲ. ಬೆಳ್ಳಗಿರೋದು ನೋಡಿಯೂ ಓಡಿಸಿದಾನಲ್ಲ, ಅಷ್ಟು ಕುರುಡ. ಸುಳ್ಳ ಅಲ್ಲ."

ಆಮೇಲೆ ಒಳಗಿನ ಕೊಳವೆಗಳನ್ನು, ಪಿಸ್ಟನ್ ಓಡಾಡುವ ಲೈನರ್‌ಗಳನ್ನು, ಒಂದೊಂದಾಗಿ ಈಚೆಗೆ ತೆಗೆದರು. ಹಿಸುಕಿದ ಕಾಳಿನಿಂದ ಬೇಳೆ ಜಾರಿದ ಹಾಗೆ ಅವು ಜಾರಿ ಬರಬೇಕಂತೆ. ಒಂದೂ ಜಾರಲಿಲ್ಲ, ಹೊಡೆದು ಕೀಳಬೇಕಾಯಿತು. ಹೊರಮೈಯೆಲ್ಲ ಹುಳುಕು ಹಲ್ಲಿನ ಹಾಗೆ ಗುಳಿ ಗುಳಿ, ಕೆಲವು ಕಡೆ ತೂತೇ. ಅವು ಕೂರುವ ಬ್ಲಾಕಿನ ಅಂಚನ್ನು ಮೇಸ್ತ್ರಿ ಉಗುರಿನಲ್ಲಿ ಗೀರಿದರು. ಕಬ್ಬಿಣ ನೆನೆದ ಬಿಸ್ಕತ್ತಿನ ಹಾಗೆ ಉದುರಿತು.

ಮೈದುನ ನಗುತ್ತಿದ್ದ. ಲಾರಿ ನಿಂತ ಮೇಲೆ ಅವನು ನಕ್ಕಿದ್ದು ಅವತ್ತೇ. ಸತ್ತು ಬಿದ್ದ ಇಂಜಿನ್ನಿನ ಮೈಮೇಲೆ ಕೈ ಇಟ್ಟುಕೊಂಡು, "ನೋಡ್ದಾ ಅಣ್ಣ, ನಾನು ಏಳ್ಲಿಲ್ವಾ" ಅಂದ. ಇವರೂ "ಊಂ, ಊಂ" ಅಂದರು. ಮುಖ ಸಡಿಲವಾಗಿತ್ತು. ತಮ್ಮನನ್ನು ಇಳಿಸಬೇಕಾಗಿಲ್ಲ ಅಂತ ಅವರಿಗೂ ಸಮಾಧಾನವೇ ಆಗಿತ್ತು ಅಂತ ನಾನು ಈಗಲೂ ನಂಬುತ್ತೇನೆ.

ಮೇಸ್ತ್ರಿ ಎರಡು ದಾರಿ ಹೇಳಿದರು. ಬ್ಲಾಕನ್ನು ಲೇತಿಗೆ ಕಳಿಸಿ, ತಿಂದುಹೋದ ಕಡೆ ಕಟ್ಟಿಸಿ, ಹೊಸ ಲೈನರು, ಪಿಸ್ಟನ್ನು ಹಾಕಿ ಅದನ್ನೇ ಎಬ್ಬಿಸುವುದು ಒಂದು. ಗುಜರಿಗೆ ಬಂದ ಬೇರೆ ಲಾರಿಯ ಓಡುವ ಇಂಜಿನ್ ತಂದು ಕೂರಿಸುವುದು ಇನ್ನೊಂದು. ಅದಕ್ಕೆ ಖರ್ಚು ಜಾಸ್ತಿ, ಆರ್.ಟಿ.ಒ. ಓಡಾಟ ಬೇರೆ.

"ರಿಪೇರಿ ಮಾಡಿದ್ರೆ ಇದು ಮುರಿದ ಕಾಲಿಗೆ ಕಟ್ಟು ಹಾಕಿದ ಹಾಗೆ. ಮೆತ್ತಗೆ ಓಡಿಸ್ಬೇಕು. ಇವನು ಓಡಿಸಿದ್ರೆ ಓಡುತ್ತೆ, ಇದರ ನೋವು ಇವನಿಗೆ ಗೊತ್ತು. ಬೇರೆ ಯಾವನ ಕೈಗಾದ್ರೂ ಕೊಟ್ರೆ ತಿರುಗಾ ಇಲ್ಲೇ ಬಂದು ಬೀಳುತ್ತೆ. ಬೇರೆ ಇಂಜಿನ್ ಹಾಕಿದ್ರೆ ಆ ಚಿಂತೆ ಇಲ್ಲ, ಕತ್ತೆ ಕೂಡ ಓಡಿಸ್ಬಹುದು."

"ರಿಪೇರೀನೇ ಮಾಡಾನ" ಅಂದರು ಇವರು. ಮೈದುನ ಆಗಲೇ ಲೈನರ್‌ಗಳನ್ನು ಬಟ್ಟೆಯಲ್ಲಿ ಒರೆಸಿ ಸಾಲಾಗಿ ಜೋಡಿಸತೊಡಗಿದ್ದ.

ಅಲ್ಲಿಗೆ ಮುಗಿಯಬೇಕಾಗಿತ್ತು. ನಾನು ಕ್ಯಾರಿಯರ್ ಬಿಚ್ಚಿ ಎಲೆ ಹಾಕಿದೆ. ಎಲ್ಲರೂ ಕೂತರು. ವೆಲ್ಡಿಂಗ್‌ನವನಿಗೂ ಒಂದು ಎಲೆ ಹಾಕಿದೆ. ಮೇಸ್ತ್ರಿ ಮೊದಲ ತುತ್ತು ನುಂಗಿ, ತಲೆ ಎತ್ತಿ ಕೇಳಿದರು:

"ಅದು ಸರಿ, ಇಂಥಾ ತಿನ್ನೋ ನೀರು ಎಲ್ಲಿ ಸಿಕ್ತು ನಿಮಗೆ? ಬೋರ್‌ವೆಲ್ ಉಪ್ಪು ನೀರು ಹಾಕಿದ್ರೂ ಹೀಗಾಗಲ್ಲ. ದಿಬ್ಬದ ನೀರು ಹಾಕಿದ್ರಾ ಏನು?"

ಅಣ್ಣ ತಮ್ಮ ಇಬ್ಬರೂ ಎಲೆಯ ಮೇಲೆ ಬಗ್ಗಿದರು.

"ಅಯ್ಯಯ್ಯೋ, ಹಾಕೇಬಿಟ್ಟಿದ್ದಾರೆ!" ಮೇಸ್ತ್ರಿ ತೊಡೆ ತಟ್ಟಿಕೊಂಡರು. "ಹಸೂನೂ ಕುಡಿಯಲ್ಲ ಅದನ್ನ. ಹಸುಗಿಂತ ಬುದ್ಧಿ ಕಡಿಮೆ ಇರೋ ಆ ಮಹಾನುಭಾವ ಯಾರಪ್ಪಾ? ಒಂದು ಸಲ ಮುಖ ತೋರಿಸಿ, ಕೈ ಮುಗೀತೀನಿ."

ಇವರು ಮುದ್ದೆಯಿಂದ ಕಣ್ಣು ತೆಗೆಯದೆ, "ಇನ್ಯಾರು? ಇವನೇ" ಅಂದರು. ಗದ್ದದಲ್ಲಿ ತಮ್ಮನನ್ನು ತೋರಿಸಿದರು.

ಮೈದುನ ಅಣ್ಣನ ಮುಖ ನೋಡಿದ. ಆಮೇಲೆ, "ಊಂ ಮೇಸ್ತ್ರಿ. ನಾನೇ ತುಂಬ್ತಿದ್ದೆ" ಅಂದ. ಅಂದು ಬಾಯಿಗೆ ತುತ್ತು ಹಾಕಿಕೊಂಡ.

ಮೇಸ್ತ್ರಿ ಅವನಿಗೆ ಎಡಗೈಯಲ್ಲೇ ಒಂದು ಸಲಾಮು ಹೊಡೆದರು. ವೆಲ್ಡಿಂಗ್‌ನವನು ನಕ್ಕ. ಇವರೂ ನಕ್ಕರು. ನಕ್ಕು, "ಮನೇಲಿ ಡ್ರಮ್ಮುಗಟ್ಟಲೆ ನೀರಿದ್ರೂ ಓಗಿ ಓಗಿ ದಿಬ್ಬದ ನೀರೇ ಬೇಕು ಇವನಿಗೆ. ಸಾಕಿದ್ದು ನಾನು. ಬುದ್ಧಿ ಇಕ್ಕಾಕೆ ಆಗ್ತದಾ?" ಎಂದು ಇನ್ನೂ ಒಂದು ಮಾತು ಸೇರಿಸಿದರು.

ಆ ಡ್ರಮ್ಮಿನ ಮಾತು ಬರದಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಸೌಟು ನನ್ನ ಕೈಯಲ್ಲೇ ಇತ್ತು. "ಡ್ರಮ್ಮು ಮುಟ್ಟಬೇಡ, ದಿಬ್ಬದ ನೀರೇ ಆಕು ಅಂದಿದ್ದು ನೀವಲ್ವಾ?" ಅಂದೆ. "ಪಾಚಿ ಕಟ್ಟಲ್ಲ ಅಂತ ಎಲ್ರಿಗೂ ತೋರಿಸ್ತಿದ್ರಲ್ಲ."

ದನಿ ಎತ್ತಿ ಹೇಳಿದ ಮಾತಲ್ಲ. ಉಪ್ಪು ಸಾಲದು ಅನ್ನುವ ಹಾಗೆ ಹೇಳಿದೆ. ಮೇಸ್ತ್ರಿ ಸಾರು ನೆತ್ತಿಗೇರುವ ಹಾಗೆ ನಕ್ಕರು. "ಪಾಚಿ ಕಟ್ಟಲ್ಲ! ಎಂಥಾ ತಲೆ ಅಣ್ಣೇ ನಿಮ್ಮದು! ಕಾರ್ಖಾನೇಲಿ ನಿಮಗೆ ಏನು ಕೆಲಸ ಕೊಟ್ಟಿದ್ದಾರೆ, ಹೂವಿನ ಗಿಡಕ್ಕೆ ನೀರು ಹಾಕೋದಾ?" ವೆಲ್ಡಿಂಗ್‌ನವನು ಎಲೆಯ ಮುಂದಿನಿಂದ ಎದ್ದು ಹೋಗಿ ಹೊರಗೆ ನಿಂತು ನಕ್ಕ.

ಇವರು ಊಟ ನಿಲ್ಲಿಸಲಿಲ್ಲ. ಮುದ್ದೆ ಮುಗಿಸಿದರು. ಅನ್ನಕ್ಕೆ ಮಜ್ಜಿಗೆ ಕೇಳಿ ಹಾಕಿಸಿಕೊಂಡರು. ಎಲೆ ಮಡಿಚಿದರು. ಕೈ ತೊಳೆದು, ಟವೆಲಿನಲ್ಲಿ ಬೆರಳು ಬೆರಳು ಒರೆಸಿಕೊಂಡು ಇಂಜಿನ್ನಿನ ಹತ್ತಿರ ಬಂದು ನಿಂತರು. ಮೈದುನ ಒರೆಸಿ ಜೋಡಿಸಿದ್ದ ಸಾಲನ್ನು ಚಪ್ಪಲಿಯ ತುದಿಯಲ್ಲಿ ತಳ್ಳಿದರು. ಅವು ಉರುಳಿಹೋದವು.

"ಮೇಸ್ತ್ರಿ, ರಿಪೇರಿ ಬ್ಯಾಡ. ಬೇರೆ ಇಂಜಿನ್ ನೋಡಿ."

"ಈಗ ತಾನೇ ರಿಪೇರಿ ಅಂದ್ರಲ್ಲ?"

"ಕತ್ತೆ ಓಡಿಸಬೌದು ಅಂದ್ರಲ್ಲ ನೀವು, ಅಂಥಾದ್ದು ಆಕಿ."

ಬೈಕು ಹತ್ತಿ ಹೊರಟರು. ನಾನೂ ಮೈದುನನೂ ಸಂಜೆಯ ರೈಲಿಗೆ ಬಂದೆವು. ಖಾಲಿ ಕ್ಯಾರಿಯರ್ ಅವನ ಕೈಯಲ್ಲಿತ್ತು. ಅವನು ಅತ್ತಿಗೆ ಅನ್ನುವ ಮರ್ಯಾದೆ ಯಾವತ್ತೂ ಬಿಟ್ಟವನಲ್ಲ, ಅವತ್ತೂ ಬಿಡಲಿಲ್ಲ. ರೈಲು ಹೊರಟು ಸ್ವಲ್ಪ ದೂರ ಬಂದ ಮೇಲೆ ಹೇಳಿದ:

"ಅತ್ತಿಗೆ, ನೀವು ಮಾತಾಡಬಾರ್ದಿತ್ತು."

"ಸುಳ್ಳು ಏಳಿದ್ನಾ ನಾನು? ನಿನ್ನ ಮೇಲೆ ಹಾಕ್ತಿದ್ರಲ್ಲ."

"ಆಕ್ಲಿ ಬಿಡಿ. ನನ್ನ ತಲೆ ಮ್ಯಾಲೇ ಇದ್ದಿದ್ರೆ ಅಣ್ಣ ನಾಕು ದಿನ ಬೈಯೋನು. ಸಾರಿಲ್ದೆ ಮುದ್ದೆ ತಿನ್ಸೋನು. ಆಮ್ಯಾಲೆ ತಾನೇ ಕರ್ದು ಬೀಗದ ಕೈ ಕೊಡೋನು. ಕ್ಷಮಿಸಾಕೆ ಅವನಿಗೆ ನಾನು ಬೇಕು. ಈಗ ನನ್ನ ಮಖ ನೋಡಿದಾಗೆಲ್ಲ ಅವನಿಗೆ ಮೇಸ್ತ್ರಿ ನಗೋದು ಕೇಳಿಸ್ತದೆ."

ಕೋಪದಿಂದ ಅಂದದ್ದಲ್ಲ. ಕಿಟಕಿಯ ಹೊರಗೆ ನೋಡುತ್ತಾ, ಹಳೆಯ ಬಾಡಿಗೆಯ ಲೆಕ್ಕ ಒಪ್ಪಿಸಿದ ಹಾಗೆ ಹೇಳಿದ. ನಾನು ಸೆರಗಿನ ಅಂಚು ಮಡಿಚುತ್ತಾ, ಬಿಚ್ಚುತ್ತಾ ಮಾರಿಕುಪ್ಪಂವರೆಗೆ ಬಂದೆ.

ಬೇರೆ ಇಂಜಿನ್ ಹುಡುಕಲು ಇವರು ಕಳಿಸಿದ್ದು ಮೈದುನನನ್ನೇ. ಕಿವಿ ಇಟ್ಟು ಇಂಜಿನ್ನಿನ ಒಳಗು ಹೇಳುವವರು ನಮ್ಮ ಮನೆಯಲ್ಲಿ ಬೇರೆ ಯಾರಿದ್ದರು? ಅವನು ಮೇಸ್ತ್ರಿಯ ಜೊತೆ ಗುಜರಿ ಅಂಗಡಿಗಳನ್ನು ಸುತ್ತಿದ. ಹೊರಮೈಗೆ ಬಣ್ಣ ಬಳಿದಿದ್ದ ಒಂದನ್ನು ಬೇಡ ಅಂದ, ಮಸಿ ಹಿಡಿದಿದ್ದ ಒಂದನ್ನು ಒಪ್ಪಿದ. ಅದನ್ನು ಶೆಡ್ಡಿಗೆ ತಂದು, ಮೇಸ್ತ್ರಿಯ ಕೈಕೆಳಗೆ ತಾನೂ ದುಡಿದು ಕೂರಿಸಿದ. ಹಳೆಯದನ್ನು ಅದೇ ಗುಜರಿಯವನು ಸುತ್ತಿಗೆಯಲ್ಲಿ ಒಡೆದು ತುಂಡು ಮಾಡಿ ಚೀಲಕ್ಕೆ ತುಂಬಿಕೊಂಡು ಹೋದನಂತೆ. ಒಡೆಯುವಾಗ ಇನ್ನೊಂದು ತುದಿ ಹಿಡಿದುಕೊಂಡಿದ್ದವನೂ ಮೈದುನನೇ.

ಮನೆಯಲ್ಲಿ ಇವರು ಅವನ ಜೊತೆ ಚೆನ್ನಾಗಿಯೇ ಇದ್ದರು. "ಎಂಗೈತ್ಲಾ ಸದ್ದು?" ಎಂದು ಕೇಳುವರು. "ತಣ್ಣಗೈತೆ ಅಣ್ಣ" ಎಂದು ಅವನು ಹೇಳುವನು. ಓರಗಿತ್ತಿ ನನ್ನ ಕಿವಿಯಲ್ಲಿ, "ಬಾವನವರ ಕೋಪ ಇಳೀತು ಅಲ್ವಾ ಅಕ್ಕ? ಇವರಿಗೇ ಕೊಡ್ತಾರೆ ಅಲ್ವಾ?" ಅನ್ನುವಳು. "ಕೊಡ್ತಾರೆ" ಅನ್ನುತ್ತಿದ್ದೆ. ಬಂಗಾರಪೇಟೆಯಿಂದ ಲಾರಿಯನ್ನು ಮನೆಗೆ ಓಡಿಸಿಕೊಂಡು ಬಂದವನೂ ಅವನೇ. ನನಗೆ ಸದ್ದು ಗೊತ್ತಾಗಲಿಲ್ಲ. ಬಾಗಿಲಿಗೆ ಬಂದು ನಿಂತ ಮೇಲೆ, "ಅತ್ತಿಗೆ, ಮುದ್ದೆ ಆಯ್ತಾ?" ಎಂಬ ಕೂಗು ಕೇಳಿ ಒಲೆಗೆ ಓಡಿದೆ.

ಮಾರನೆಯ ಬೆಳಿಗ್ಗೆ ಪೂಜೆ. ಓರಗಿತ್ತಿ ಎದ್ದು ಲಾರಿಯ ಮುಂದೆ ಸಾರಿಸಿ ರಂಗೋಲಿ ಬಿಟ್ಟಳು. ಶ್ಯಾವಿಗೆ ಪಾಯಸ ಮಾಡಿದಳು. ಮೈದುನ ಒಗೆದ ಶರಟು ಹಾಕಿಕೊಂಡು, ಮೂತಿಗೆ ಸೇವಂತಿಗೆ ಹಾರ ಕಟ್ಟಿ, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟ. ಬಗ್ಗಿ ಬಗ್ಗಿ ಇಟ್ಟು ಮಂಡಿಗೆಲ್ಲ ಮಣ್ಣಾಗಿತ್ತು. ಇವರು ಮಂಗಳಾರತಿಯ ತಟ್ಟೆ ಹಿಡಿದುಕೊಂಡು, "ಬೀಗದ ಕೈ ತಟ್ಟೇಗಾಕ್ಲಾ" ಅಂದರು. ಅವನು ಜೇಬಿನಿಂದ ತೆಗೆದು ಹಾಕಿದ. ಕುಂಕುಮ ಇಟ್ಟು, ಆರತಿ ಬೆಳಗಿ, ಕುಂಬಳಕಾಯಿ ಒಡೆದಿದ್ದಾಯಿತು. ಮೈದುನ ಲಾರಿಯ ಬಾಗಿಲ ಕೆಳಗಿನ ಮೆಟ್ಟಿಲಿನ ಮೇಲೆ ಒಂದು ಕಾಲು ಇಟ್ಟು ಕೈ ಚಾಚಿದ.

ಇವರು ರಸ್ತೆಯ ಆಚೆಗೆ ಕೈ ಮಾಡಿ ಕರೆದರು. ಟೀ ಅಂಗಡಿಯ ಹತ್ತಿರ ನಿಂತಿದ್ದ ಒಬ್ಬ ಆಳು ಬೀಡಿ ಹೊಸಕಿ ಬಂದ. ಕಾಮಸಮುದ್ರದ ಕಡೆಯವನು, ಬೇರೆ ಲಾರಿಯ ಡ್ರೈವರ್ ಕೆಲಸ ಬಿಟ್ಟು ಬಂದವನು. ಇವರು ತಟ್ಟೆಯಿಂದ ಬೀಗದ ಕೈ ಎತ್ತಿ ಅವನ ಅಂಗೈಗೆ ಹಾಕಿದರು.

"ಇಂಜಿನ್ನೂ ಬೇರೆ, ತುಳಿಯೋ ಕಾಲೂ ಬೇರೆ. ಓಡ್ಸು" ಅಂದರು.

ಪಾಪ, ಆ ಮನುಷ್ಯನಿಗೆ ಏನೂ ಗೊತ್ತಿಲ್ಲ. ಮಂಡಿಗೆ ಮಣ್ಣಾಗಿ ಮೆಟ್ಟಿಲಿನ ಹತ್ತಿರ ನಿಂತಿದ್ದ ಮೈದುನನನ್ನು ನೋಡಿ, "ಇವ್ನು ಕ್ಲೀನರಾ ಅಣ್ಣ? ನನ್ ಜೊತೆ ಬತ್ತಾನಾ?" ಎಂದು ಕೇಳಿದ.

ಇವರು ಒಂದು ಗಳಿಗೆ ಯೋಚಿಸಿದರು. ಮೇಸ್ತ್ರಿಯ ಶೆಡ್ಡಿನಲ್ಲಿ ಕೈ ಒರೆಸಿಕೊಂಡಾಗ ಇದ್ದ ಮುಖವೇ.

"ಅಂಗೇ ಅನ್ಕೋ" ಅಂದರು.

ಮೈದುನ ಮೆಟ್ಟಿಲಿನಿಂದ ಕಾಲು ತೆಗೆದ. ತೆಗೆದು, ಆ ಆಳು ಹತ್ತಲು ಜಾಗ ಬಿಟ್ಟು ಪಕ್ಕಕ್ಕೆ ಸರಿದ. ಓರಗಿತ್ತಿಯ ಕೈಯಲ್ಲಿ ಪಾಯಸದ ಪಾತ್ರೆ ಇತ್ತು. ಅವಳು ಅದನ್ನು ಎಲ್ಲಿಡುವುದು ಗೊತ್ತಾಗದೆ ರಂಗೋಲಿಯ ಮೇಲೇ ಇಟ್ಟು ಒಳಗೆ ಹೋದಳು.

"ಒಳಗಿಂದ ನೀರು ತಾ" ಎಂದು ಇವರು ನನಗೆ ಹೇಳಿದರು. "ಡ್ರಮ್ಮಿನ ನೀರು. ಇನ್ನು ಮ್ಯಾಲೆ ಲಾರಿಗೆ ಮನೆ ನೀರೇ."

ತಂದು ಕೊಟ್ಟೆ. ಆ ಆಳು ಸುರಿದುಕೊಂಡು ಹೊರಟ. ಚಕ್ರದ ಕೆಳಗೆ ನಿಂಬೆಹಣ್ಣುಗಳು ಒಡೆದು ರಸ ಮಣ್ಣಿಗೆ ಇಂಗಿತು.

ಮಧ್ಯಾಹ್ನದ ಊಟಕ್ಕೆ ಅಣ್ಣ ತಮ್ಮ ಇಬ್ಬರೂ ಕೂತರು. ಅವನು ಬರುವುದಿಲ್ಲ ಅಂದುಕೊಂಡಿದ್ದೆ, ಇವರು ಕರೆದಾಗ ಬಂದ. ಅವತ್ತೂ ಹಿಸುಕಿದ ಬೇಳೆಯ ಸಾರೇ. ನಾನು ಬಡಿಸಿದೆ. ಇವರು ಅವನ ತಟ್ಟೆ ನೋಡಿ, "ಇನ್ನೊಂದು ಸೌಟು ಆಕು ಅವನಿಗೆ" ಅಂದರು. ಹಾಕಿದೆ. "ಇನ್ನೂ ಆಕು. ಅವತ್ತು ಸಾರಿಲ್ದೆ ತಿಂದಿದ್ದಾನೆ, ಪಾಪ. ತಪ್ಪಿಲ್ದೆ ತಿಂದಿದ್ದಾನೆ." ಹಾಕಿದೆ. ಸಾರು ಮುದ್ದೆಯನ್ನು ಮುಳುಗಿಸಿ ತಟ್ಟೆಯ ಅಂಚಿಗೆ ಬಂತು. "ಆಕು, ಆಕು" ಅಂದರು. ನನ್ನ ಕೈ ನಿಂತಿತು. ಇವರು ಸೌಟು ಕಿತ್ತುಕೊಂಡು ತಾವೇ ಹಾಕಿದರು. ಸಾರು ಅಂಚು ದಾಟಿ ಮೈದುನನ ತೊಡೆಯ ಮೇಲೆ, ಆ ಒಗೆದ ಶರಟಿನ ತುದಿಗೆ ಹರಿಯಿತು. ಬಿಸಿ ಸಾರು. ಅವನು ಕಾಲು ಅಲುಗಿಸಲಿಲ್ಲ. ಅಂದು ಸಾರಿಲ್ಲದೆ ನುಂಗಿದವನು ಇಂದು ಒಂದು ತುತ್ತೂ ಮುಟ್ಟಲಿಲ್ಲ.

"ನೋಡು, ಈಗ ಸಾರು ಬ್ಯಾಡ ಅಂತೆ" ಅಂದು ಇವರು ತಮ್ಮ ಊಟ ಮುಂದುವರಿಸಿದರು.

ಆ ವಾರವೇ ಓರಗಿತ್ತಿ ತನ್ನ ಕೋಣೆಯಲ್ಲಿ ಬೇರೆ ಒಲೆ ಹಚ್ಚಿದಳು. ಮೈದುನ ಈಗ ಬಂಗಾರಪೇಟೆಯಲ್ಲಿ ಆಕ್ಟಿಂಗ್ ಡ್ರೈವರ್. ಅಂದರೆ ಯಾರದೋ ಗಾಡಿಯ ಡ್ರೈವರ್ ರಜೆ ಹಾಕಿದ ದಿನ ಇವನನ್ನು ಕರೆಯುತ್ತಾರೆ, ಯಾರೂ ರಜೆ ಹಾಕದ ದಿನ ಸ್ಟೇಷನ್ನಿನ ಹತ್ತಿರ ಕೂತಿದ್ದು ಬರುತ್ತಾನೆ. ಬೆಳಿಗ್ಗೆ ಮಾರಿಕುಪ್ಪಂ ಕಡೆಗೆ ನಡೆಯುತ್ತಾ ಹೋಗುವಾಗ ಎಷ್ಟೋ ಸಲ ನಮ್ಮ ಲಾರಿ ಅವನ ಪಕ್ಕದಲ್ಲೇ ಹಾದುಹೋಗುತ್ತದೆ. ಹೊಸ ಡ್ರೈವರ್‌ಗೆ ಈಗ ಎಲ್ಲ ಗೊತ್ತಾಗಿದೆ, ಒಳ್ಳೆಯ ಮನುಷ್ಯ, ನಿಲ್ಲಿಸಿ "ಲಾರಿ ಅತ್ತಿ ಅಣ್ಣ" ಅನ್ನುತ್ತಾನಂತೆ. ಇವನು ಕೈಯಾಡಿಸಿ ಮುಂದೆ ಕಳಿಸುತ್ತಾನಂತೆ.

ಆ ಇಂಜಿನ್ನಿನ ಸದ್ದು ನನಗೆ ಇನ್ನೂ ಹಿಡಿಯಲು ಬಂದಿಲ್ಲ. ಎಲ್ಲ ಲಾರಿಗಳ ಹಾಗೆಯೇ ಕೇಳಿಸುತ್ತದೆ. ಡ್ರೈವರ್ ಬಾಗಿಲಿಗೆ ಬಂದು ಹಾರನ್ ಹೊಡೆದಾಗ ನಾನು ರುಬ್ಬುಗುಂಡು ಸರಿಸಿ, ತಟ್ಟೆ ತೆಗೆದು, ನೀರು ಮೊಗೆದು ಕೊಡುತ್ತೇನೆ. ಕ್ಯಾನು ಅದೇ ಹಳದಿ ಕ್ಯಾನು. ತಳದಲ್ಲಿ ದಿಬ್ಬದ ನೀರಿನ ಬಿಳಿ ಕರೆ ಕಟ್ಟಿದೆ, ಎಷ್ಟು ಉಜ್ಜಿದರೂ ಹೋಗಿಲ್ಲ. ಮೈದುನನ ಕೋಣೆಯ ಬಾಗಿಲು ಎದುರಿಗೇ ಇದೆ. ನೀರು ಚೆಲ್ಲದ ಹಾಗೆ ತುಂಬಿಸಿ, ಮುಚ್ಚಳ ಬಿಗಿ ಮಾಡಿ, ಆ ಕಡೆ ನೋಡದೆ ಒಳಗೆ ಬರುತ್ತೇನೆ.